ಮಾಲೆ ಹಿಡಿಯುವವರು ಯಾರು?

ಇವತ್ತು ಬೆಳಿಗ್ಗೆ ಕ್ಷೌರಕ್ಕೆ ಹೋಗಿದ್ದೆ. ನನ್ನ ತಲೆಯ ಮೇಲೆ ಉಳಿದಿರುವಷ್ಟು ಕೂದಲಿಗೆ ಕ್ಷೌರ ಎಂಬ ದೊಡ್ಡ ಮಾತು ಸಲ್ಲುವುದಿಲ್ಲ, ಗೊತ್ತು. ಕಾಗವಾಡದ ನನ್ನ ಕ್ಷೌರಿಕ ಅದನ್ನು ‘ಝಾಡಿಸೂದು’ ಎನ್ನುತ್ತಾನೆ. ಅಂಗಡಿಯ ಕನ್ನಡಿಯ ಪಕ್ಕದ ಮೊಳೆಗೆ ಒಂದು ತುಳಸಿ ಮಾಲೆ ತೂಗುತ್ತಿತ್ತು. ನನಗಿಂತ ಮುಂಚೆ ಕುರ್ಚಿ ಹಿಡಿದಿದ್ದ ಮುದುಕ, ದಾರ ಹಳೆಯದು, ಕತ್ತರಿ ತಾಗೀತು ಎಂದು ಅದನ್ನು ತೆಗೆದು, ಕಣ್ಣಿಗೆ ಒತ್ತಿಕೊಂಡು ಅಲ್ಲಿ ತಗುಲಿಸಿದ್ದ. ಫ್ಯಾನಿನ ಗಾಳಿಗೆ ಅದು ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಇಷ್ಟೇ. ಇಷ್ಟಕ್ಕೇ ನನ್ನ ಅಂಗೈ ಬೆವರಿತು.

ನೀವು ನಮ್ಮ ಕಡೆಯವರಲ್ಲದಿದ್ದರೆ ಇಲ್ಲಿ ಒಂದೆರಡು ಮಾತು ಹೇಳಬೇಕು. ನಮ್ಮಲ್ಲಿ ಪಂಢರಪುರಕ್ಕೆ ಹೋಗಿ, ಅಲ್ಲಿನ ಗುರುಗಳಾದ ಮಹಾರಾಜರ ಕೈಯಿಂದ ತುಳಸಿ ಮಾಲೆ ಹಾಕಿಸಿಕೊಂಡು ಬಂದವನಿಗೆ ಮಾಳಕರಿ ಎನ್ನುತ್ತಾರೆ. ಮಾಳಕರಿಯಾದವನು ಕುಡಿಯುವಂತಿಲ್ಲ, ಮಾಂಸ ಮುಟ್ಟುವಂತಿಲ್ಲ, ಏಕಾದಶಿ ಬಿಡುವಂತಿಲ್ಲ. ವಿಠ್ಠಲನ ಜೊತೆ ಆಗುವ ಈ ಕರಾರು ಬಹಳ ಬಿಗಿಯಾದದ್ದು. ಆದರೆ ನಮ್ಮ ಜನ ದೇವರ ಜೊತೆ ಕರಾರು ಮಾಡಿಕೊಂಡರೂ ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿಯೇ ಇಟ್ಟಿರುತ್ತಾರೆ. ಅಳಿಯ ಬಂದ, ಮನೆಯಲ್ಲಿ ಕೋಳಿ ಕೊಯ್ದಿದ್ದಾರೆ, ಏನು ಮಾಡುವುದು? ಮಾಲೆಯನ್ನು ತೆಗೆದು ಮೊಳೆಗೆ ಹಾಕುವುದು. ಊಟ ಮುಗಿಸುವುದು. ಮರುದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಮತ್ತೆ ಧರಿಸುವುದು. ಇದು ಯಾವ ಗ್ರಂಥದಲ್ಲಿದೆ ಎಂದು ಕೇಳಬೇಡಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೂ ಸಿಕ್ಕಿಲ್ಲ.

ಉಗಾರ ಖುರ್ದದ ಶೆಟ್ಟರ ಬಾರಿನಲ್ಲಿ ಇದಕ್ಕೆಂದೇ ಮೂರು ಮೊಳೆಗಳಿದ್ದವು. ಬಾರಿಗೆ ಬೋರ್ಡಿನ ಮೇಲೆ ಬೇರೆ ಏನೋ ಚಂದದ ಹೆಸರಿತ್ತು, ಅದನ್ನು ಓದಿದವರಿಲ್ಲ. ಶೆಟ್ಟರು ಕುಂದಾಪುರದ ಕಡೆಯವರು. ಮೊದಮೊದಲು ಗಿರಾಕಿಗಳು ಕಿಟಕಿಯ ಸರಳಿಗೆ ಮಾಲೆ ಸಿಕ್ಕಿಸುವುದನ್ನು ಕಂಡು ಇದೇನೋ ಹರಕೆಯಿರಬೇಕು ಎಂದುಕೊಂಡಿದ್ದರಂತೆ. ವಿಷಯ ತಿಳಿದ ಮೇಲೆ ಗಲ್ಲೆಯ ಪಕ್ಕದ ಗೋಡೆಗೆ ತಾವೇ ಮೂರು ಮೊಳೆ ಹೊಡೆಸಿದರು. ವ್ಯಾಪಾರದಲ್ಲಿ ಅವರು ಮೇಲೆ ಬಂದದ್ದು ಸುಮ್ಮನೆ ಅಲ್ಲ.

ಈಗ ಅಣ್ಣಾಸಾಬನ ವಿಷಯಕ್ಕೆ ಬರುತ್ತೇನೆ. ಜುಗೂಳದ ಅಣ್ಣಾಸಾಬ ನನ್ನ ಜೊತೆ ಐದನೆಯ ಇಯತ್ತೆಯಿಂದ ಓದಿದವನು. ಓದಿದವನು ಎನ್ನುವುದಕ್ಕಿಂತ ನನ್ನ ಪಕ್ಕ ಕೂತವನು ಎಂದರೆ ಸತ್ಯಕ್ಕೆ ಹತ್ತಿರ. ಕೃಷ್ಣೆಯ ದಂಡೆಗೆ ಹಸಿರು ಹಾಸಿದಂಥ ಕಬ್ಬು, ಆಚೆ ಎರಡೆಕರೆ ದ್ರಾಕ್ಷಿ. ಮೀಸೆ ಎಂಥದ್ದೆಂದರೆ, ಮದುವೆ ಮನೆಯಲ್ಲಿ ಅವನು ಬಂದು ಕೂತರೆ ಊಟದ ಪಂಕ್ತಿಗೇ ಒಂದು ಮರ್ಯಾದೆ ಬರುತ್ತಿತ್ತು. ಅವನು ಕುಡಿಯುವುದೂ ಮೀಸೆಗೆ ತಕ್ಕಂತೆಯೇ ಇತ್ತು.

ಒಂದು ಮಳೆಗಾಲ ಅವನ ಕಣ್ಣು ಹಳದಿಯಾದವು, ಹೊಟ್ಟೆ ಊದಿಕೊಂಡಿತು. ಮಿರಜಿಯ ಆಸ್ಪತ್ರೆಯಲ್ಲಿ ಎಂಟು ದಿನ ನಾನೇ ಅವನ ಪಕ್ಕ ಕೂತಿದ್ದೆ. ಬಿಡುವ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದು, “ಮಾಸ್ತರ, ಆತಾ ಏಕ್ ಘೋಟ್ ಸುದ್ಧಾ ನಕೋ” ಎಂದರು. ಒಂದು ಗುಟುಕೂ ಬೇಡ. ಕುಡಿದರೆ ಮತ್ತೆ ನನ್ನ ಬಳಿ ಕರೆದುಕೊಂಡು ಬರುವ ಶ್ರಮ ತೆಗೆದುಕೊಳ್ಳಬೇಡಿ, ಮಾಡುವುದೇನೂ ಉಳಿದಿರುವುದಿಲ್ಲ ಎಂದು ಬಹಳ ಸೌಮ್ಯವಾಗಿ ಹೇಳಿದರು.

ಅಣ್ಣಾಸಾಬ ಹಾಸಿಗೆಯಲ್ಲಿ ಕೂತು ನನ್ನ ಕೈ ಹಿಡಿದ.

“ಮಾಸ್ತರ, ಯಾರ ಮುಂದೂ ಬಾಯಿ ಬಿಡಬ್ಯಾಡ. ಪಿತ್ತಾ ಆಗಿತ್ತು ಅನ್ನು.”

“ಯಾಕೋ? ಗೆಳೆಯಾರಿಗೆ ಗೊತ್ತಿದ್ರ ಚಲೋ ಅಲ್ಲೇನ? ಒತ್ತಾಯ ಮಾಡೂದಿಲ್ಲ.”

“ಬ್ಯಾಡ. ಲಿವರ್ ಹೋಗೇತಿ ಅಂದ್ರ ಮಂದಿ ಮ್ಯಾಲಿಂದ ಕೆಳಗ ನೋಡತಾರ. ಅಯ್ಯೋ ಪಾಪ ಅಂತಾರ. ನನಗ ಅಯ್ಯೋ ಪಾಪ ಅಂದಾಂವ ಇನ್ನ ಹುಟ್ಟಿಲ್ಲ.”

ಆಣೆ ಮಾಡಿಸಿಕೊಂಡ. ನೆಟ್ಟಗೆ ಪಂಢರಪುರಕ್ಕೆ ಹೋಗಿ ಕೊರಳಿಗೆ ಮಾಲೆ ಹಾಕಿಸಿಕೊಂಡು ಬಂದ. ಊರು ಬೆರಗಾಯಿತು. ನಿನ್ನೆಯವರೆಗೆ ಅವನ ಬಾಯಿಯ ವಾಸನೆಗೆ ಮುಖ ತಿರುಗಿಸುತ್ತಿದ್ದ ಮುದುಕಿಯರು ಕಾಲಿಗೆ ಬಿದ್ದರು. ನಿಜ ಗೊತ್ತಿದ್ದದ್ದು ಮೂವರಿಗೆ: ಅವನಿಗೆ, ಅವನ ಹೆಂಡತಿ ಸುಶೀಲಾ ವಹಿನಿಗೆ, ನನಗೆ.

ಮರುವರ್ಷ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವುದು ನಿಂತ ದಿನವೇ ನಮ್ಮ ಕಲ್ಲಪ್ಪನ ನಿವೃತ್ತಿ ಬಂತು. ಕಲ್ಲಪ್ಪ ಆ ಕಾರ್ಖಾನೆಯಲ್ಲಿ ಕಬ್ಬಿನ ರಸ ಕುದಿಸುವ ವಿಭಾಗದಲ್ಲಿ ಬೆಂದವನು. ಬಾಯಲ್ಲಿ ಮಾತು ಕಡಿಮೆ, ಮೈಯಲ್ಲಿ ಯಾವಾಗಲೂ ಕಾಕಂಬಿಯ ವಾಸನೆ. ಅಂದು ಸಂಜೆ ಶೆಟ್ಟರ ಬಾರಿನಲ್ಲಿ ಪಾರ್ಟಿ ಎಂದ. ನಾವು ನಾಲ್ವರು: ಕಲ್ಲಪ್ಪ, ಅಣ್ಣಾಸಾಬ, ನಾನು, ಮತ್ತೆ ಬಾಪು. ಬಾಪು ಸರಕಾರಿ ಬಸ್ಸಿನ ನಿವೃತ್ತ ಕಂಡಕ್ಟರ್. ಬಸ್ಸಿನಿಂದ ಅವನನ್ನು ಇಳಿಸಿದರು. ಅವನ ದನಿಯನ್ನು ಇಳಿಸುವುದು ಯಾರಿಂದಲೂ ಆಗಲಿಲ್ಲ.

ಅಣ್ಣಾಸಾಬ ಮೋಟರ್ ಸೈಕಲ್ ತಂದು ನನ್ನ ಮನೆಯ ಮುಂದೆ ನಿಲ್ಲಿಸಿದ.

“ನೀ ಬರ್ತಿಯೇನ?” ಎಂದೆ. ದನಿಯಲ್ಲಿ ಏನೂ ಇರದ ಹಾಗೆ ನೋಡಿಕೊಂಡೆ.

“ಯಾಕ, ಬಾರಿನಾಗ ಸೋಡಾ ಮಾರೂದಿಲ್ಲೇನ? ಕಲ್ಲ್ಯಾ ರಿಟೈರ್ ಆಗಾಕತ್ತಾನ. ನಾ ಮನ್ಯಾಗ ಕುಂತು ಹರಿಪಾಠ ಓದಲಾ? ಹತ್ತು.”

ಹತ್ತುವ ಮುನ್ನವೇ ನನ್ನ ಕಿಸೆಯ ಮೊಬೈಲ್ ರಿಂಗಣಿಸಿತು. ಸುಶೀಲಾ ವಹಿನಿ. “ಮಾಸ್ತರ್ರ, ನೀವು ಅದೀರಿ ಅಂತ ಬಿಟ್ಟೀನ್ರಿ” ಎಂದು ಅಷ್ಟೇ ಹೇಳಿ ಇಟ್ಟರು. ನಾನು ಬಹಳ ಗಂಭೀರವಾಗಿ, ‘ಚಿಂತಿ ಮಾಡಬ್ಯಾಡ್ರಿ’ ಎಂದೆ. ಲೈನು ಕಡಿದುಹೋದ ಮೇಲೆ ಹೇಳಿದ ಧೈರ್ಯದ ಮಾತು ಅದು.

ಬಾರು ಅಂದು ತುಂಬಿತ್ತು. ಸೀಜನ್ ಮುಗಿದ ಖುಷಿ. ಕಾರ್ಖಾನೆಯವರು, ಟ್ರಾಕ್ಟರಿನವರು, ಅವರಿಗೆ ಕುಡಿಸುವವರು, ಅವರಿಂದ ಕುಡಿಯುವವರು. ಮೊಟ್ಟೆಯ ಬುರ್ಜಿಯ ಹೊಗೆ, ಹುರಿದ ಶೇಂಗಾ, ನೆಲದ ಮೇಲೆ ನಿಂಬೆಯ ಸಿಪ್ಪೆ. ಕಲ್ಲಪ್ಪ ಕಾರ್ಖಾನೆಯಲ್ಲಿ ತಲೆಗೆ ಸುತ್ತಿದ ಸನ್ಮಾನದ ಪಟಕಾ ಹಾಗೆಯೇ ಇಟ್ಟುಕೊಂಡು ಬಂದಿದ್ದ. ಮದುವೆಯಲ್ಲೂ ಅವನು ಅಷ್ಟು ಚಂದ ಕಂಡಿರಲಿಲ್ಲ. ಬಾಪು ನಮ್ಮ ಮೇಜಿಗೆ ಬಂದವರನ್ನೆಲ್ಲ “ಒಳಗ ಸರೀರಿ, ಒಳಗ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ” ಎಂದು ಕೂರಿಸುತ್ತಿದ್ದ. ಗ್ಲಾಸು ಬಂದವು. ಕೋಳಿ ಬಂತು. ಅಣ್ಣಾಸಾಬನ ಮುಂದೆ ಸೋಡಾ ಬಂತು.

ಮೊದಲ ಅರ್ಧ ತಾಸು ಚೆನ್ನಾಗಿಯೇ ಹೋಯಿತು. ಆಮೇಲೆ ಬಾಪುವಿನ ಕಣ್ಣು ಸೋಡಾದ ಮೇಲೆ ಬಿತ್ತು.

“ಅಣ್ಣಾ, ಸೋಡಾ ಕುಡಿದು ತೇಗಿದ್ರ ಆ ತೇಗು ಪಂಢರಪುರತನಕ ಮುಟ್ಟತೈತೇನಪಾ?”

ಪಕ್ಕದ ಮೇಜಿನವರೂ ನಕ್ಕರು. ಅಣ್ಣಾಸಾಬ ಮೀಸೆ ಒರೆಸಿಕೊಂಡ.

“ನಗಬ್ಯಾಡ್ರಲೇ,” ಎಂದ ಬಾಪು, “ಮೊದಲ ಇಂವ ಬಾರಿಗೆ ಬಂದ್ರ ಶೆಟ್ರು ಎದ್ದು ನಿಂದರತಿದ್ರು. ಈಗ ನೋಡ್ರಿ, ತಲಿ ಎತ್ತಿಲ್ಲ. ಸೋಡಾ ಗಿರಾಕಿ!”

“ಬಿಡೋ ಬಾಪು,” ಎಂದೆ.

“ನೀ ಯಾಕ ನಡುವ ಬರತಿ? ನಾ ಅಣ್ಣಾಗ ಮಾತಾಡಾಕತ್ತೀನಿ.”

ಆಗ ಕಲ್ಲಪ್ಪ, ಮೂವತ್ತು ವರ್ಷಗಳಲ್ಲಿ ಯಾರಿಗೂ ಏನನ್ನೂ ಒತ್ತಾಯಿಸದ ಕಲ್ಲಪ್ಪ, ಪಟಕಾ ಸರಿಮಾಡಿಕೊಂಡು ಮೆಲ್ಲಗೆ ಹೇಳಿದ: “ಅಣ್ಣಾ, ದಿನಾ ಕುಡಿ ಅನ್ನೂದಿಲ್ಲ. ಇವತ್ತ ಒಂದ. ನನ್ನ ಸಲುವಾಗಿ. ನಾಳಿಂದ ನಾ ಯಾರಿಗೆ ಪಾರ್ಟಿ ಕೊಡ್ಲಿ?”

ಬಾಪುವಿನ ಚೇಷ್ಟೆಯನ್ನು ಅಣ್ಣಾಸಾಬ ಒಂದು ಕೈಯಲ್ಲಿ ತಳ್ಳಬಲ್ಲ. ಈ ಮೆಲುದನಿ ಅವನಿಗೆ ತಾಗಿತು. ಬಾಪು ಅವನ ಮೌನವನ್ನು ಖಾಲಿ ಸೀಟು ಎಂದು ತಿಳಿದು ಅಲ್ಲಿ ನನ್ನನ್ನು ಎಳೆದು ಕೂರಿಸಿದ.

“ಮಾಸ್ತರ, ನೀ ಶಾಣ್ಯಾ ಅದಿ. ಮಾಲಿ ಮೊಳಿಗೆ ಹಾಕಿದ್ರ ದೋಷ ಐತೋ ಇಲ್ಲೋ, ಹೇಳಿಬಿಡು.”

ಇಲ್ಲಿ ನಾನು ನಿಮ್ಮ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಆ ಹೊತ್ತಿಗೆ ನನ್ನ ಎರಡನೆಯ ಗ್ಲಾಸು ಅರ್ಧವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಸುತ್ತಲಿನ ನಾಲ್ಕು ಮೇಜಿನವರು ನನ್ನ ಕಡೆ ತಿರುಗಿದ್ದರು. ಜೀವಮಾನವಿಡೀ ಗಮನವಿಟ್ಟು ಕೇಳದ ಮಕ್ಕಳಿಗೆ ಪಾಠ ಹೇಳಿದವನಿಗೆ ಇಂಥ ಸಭೆ ಸಿಕ್ಕರೆ ಏನಾಗುತ್ತದೆ ನೋಡಿ. ನಾನು ಎದ್ದು ನಿಂತೆ. ಕನ್ನಡಕ ಏರಿಸಿದೆ. ಪುಸ್ತಕದ ಕನ್ನಡದಲ್ಲಿ ತೀರ್ಪು ಕೊಟ್ಟೆ:

“ಮಾಲೆಯು ಕೊರಳಿನಲ್ಲಿರುವ ತನಕ ನಿಯಮವು ಕೊರಳಿಗೆ ಅನ್ವಯಿಸತಕ್ಕದ್ದು. ಮಾಲೆಯು ಮೊಳೆಯ ಮೇಲಿರುವಾಗ ಸದರಿ ನಿಯಮವು ಮೊಳೆಗೆ ಅನ್ವಯಿಸತಕ್ಕದ್ದು. ಮೊಳೆಯು ಕುಡಿಯಬಾರದು. ಅಣ್ಣಾಸಾಬರು ಕುಡಿಯಬಹುದು.”

ಬಾರು ಎದ್ದು ಕುಣಿಯಿತು. ಮೇಜು ಗುದ್ದಿದರು. ಬಾಪು ಶಿಳ್ಳೆ ಹೊಡೆದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆ ಒಂದು ನಗೆ ಮುಗಿಯುವಷ್ಟು ಹೊತ್ತು ಮಿರಜಿ, ಡಾಕ್ಟರು, ಸುಶೀಲಾ ವಹಿನಿ ಎಲ್ಲರೂ ನನ್ನ ತಲೆಯಿಂದ ಇಳಿದುಹೋಗಿದ್ದರು. ನಗು ಮುಗಿಸಿ ಕೂತು ನೋಡುತ್ತೇನೆ, ಅಣ್ಣಾಸಾಬ ಮಾಲೆಗೆ ಕೈ ಹಾಕಿದ್ದಾನೆ.

“ಮಾಸ್ತರ ಹೇಳಿದ ಮ್ಯಾಲ ಮುಗೀತು,” ಎಂದ. ತೆಗೆದ. ಕಣ್ಣಿಗೆ ಒತ್ತಿಕೊಂಡ. “ಹಾಕ್ರಿ.”

ಬಾಪು ಹಾಕಿದ. ಗ್ಲಾಸು ತುಂಬಿತು. ಬಣ್ಣ ನನಗೆ ಇಂದಿಗೂ ಕಣ್ಣಮುಂದಿದೆ, ಆಸ್ಪತ್ರೆಯಲ್ಲಿ ಅವನ ಕಣ್ಣುಗಳಿಗಿದ್ದ ಬಣ್ಣವೇ.

ಅವನು ಮಾಲೆ ಹಿಡಿದು ಗಲ್ಲೆಯ ಗೋಡೆಯ ಕಡೆ ನಡೆದ. ಅಲ್ಲಿ ಮೊಳೆಗಳಿರಲಿಲ್ಲ. ಅವುಗಳ ಜಾಗದಲ್ಲಿ ಬಾಗಿಲಿನಷ್ಟು ದೊಡ್ಡ ಟಿವಿ ಇತ್ತು, ಅದರಲ್ಲಿ ಯಾರೋ ಕ್ರಿಕೆಟ್ ಆಡುತ್ತಿದ್ದರು.

“ಶೆಟ್ರ, ಮೊಳಿ ಎಲ್ಲಿ?”

“ತೆಗೆಸಿದೆ ಮಾರಾಯ್ರೆ. ಟಿವಿ ಬಂತಲ್ಲ.”

“ಹಂಗಾರ ಮಾಲಿ ಎಲ್ಲಿ ಹಾಕ್ಲಿ? ನೀವ ಹಿಡೀರಿ.”

ಶೆಟ್ಟರು ಎರಡೂ ಕೈ ಹಿಂದಕ್ಕೆ ಕಟ್ಟಿದರು. “ನಾನು ಮುಟ್ಟುದಿಲ್ಲ. ಕೈಯಿಡೀ ಬ್ರಾಂದಿ ವಾಸನೆ. ದೇವರ ವಿಷಯ ಅದು. ಮೇಜಿನ ಮೇಲೆ ಇಡಿ ಬೇಕಾದ್ರೆ.”

ಮೇಜಿನ ಮೇಲೆ ಕೋಳಿಯಿತ್ತು. ನೆಲದ ಮೇಲೆ ಇಡುವಂತಿಲ್ಲ, ಕುರ್ಚಿಯ ಮೇಲೆ ಇಡುವಂತಿಲ್ಲ, ಕಿಸೆಯಲ್ಲಿ ತಂಬಾಕಿನ ಚೀಲವಿತ್ತು. ಮೊಳೆ ಇಲ್ಲದಿದ್ದರೆ ಇನ್ನೊಬ್ಬ ಮನುಷ್ಯನ ಕೈಯೇ ಆಗಬೇಕು. ಆ ಕೈಗೂ ಒಂದು ಕಟ್ಟಳೆಯಿದೆ: ಮಾಲೆ ಮರಳಿಸುವ ತನಕ ಅವನು ಗ್ಲಾಸನ್ನಾಗಲಿ ಮಾಂಸವನ್ನಾಗಲಿ ಮುಟ್ಟುವಂತಿಲ್ಲ. ಇಂಥ ವಿಷಯದಲ್ಲಿ ನಮ್ಮ ಜನ ಬಲು ನಿಷ್ಠುರ. ಕುಡಿಯುವುದರಲ್ಲಿ ತಪ್ಪಾಗಬಹುದು, ಕುಡಿಯುವ ಪದ್ಧತಿಯಲ್ಲಿ ತಪ್ಪಾಗಬಾರದು.

ಅಣ್ಣಾಸಾಬ ಮರಳಿ ಬಂದು ಬಾಪುವಿನ ಮುಂದೆ ಮಾಲೆ ಚಾಚಿದ. ಬಾಪು ಎಂಜಲು ಮಸಾಲೆ ಹತ್ತಿದ ಹತ್ತೂ ಬೆರಳು ಎತ್ತಿ ತೋರಿಸಿದ. “ನೋಡಪಾ, ಉಷ್ಟಗೈ. ಪಾಪ ಹತ್ತತೈತಿ.”

ಕಲ್ಲಪ್ಪನ ಮುಂದೆ ಚಾಚಿದ. ಕಲ್ಲಪ್ಪ ಒಮ್ಮೆ ಮಾಲೆ ನೋಡಿದ, ಒಮ್ಮೆ ತನ್ನ ಗ್ಲಾಸು ನೋಡಿದ. “ನಾ ಹಿಡದ್ರ ನನ್ನ ಪಾರ್ಟ್ಯಾಗ ನಾನ ಕುಡಿಯಾಂಗಿಲ್ಲಲ್ಲೋ ಅಣ್ಣಾ.”

ನಗೆ ಎದ್ದಿತು. ಅಣ್ಣಾಸಾಬನೂ ನಕ್ಕ. ಮಾಲೆ ನನ್ನ ಮುಂದೆ ಬಂತು.

“ಮಾಸ್ತರ, ನಿನ್ನ ಕೈ ಸ್ವಚ್ಛ ಅದಾವ. ಹಿಡಿ. ತೀರ್ಪು ಕೊಟ್ಟಾಂವ ನೀನ.”

ನಾನು ಎರಡೂ ಕೈಗಳನ್ನು ಮೇಜಿನ ಕೆಳಗೆ ತೊಡೆಗಳ ನಡುವೆ ಸಿಕ್ಕಿಸಿಕೊಂಡೆ. ಹುಡುಗರು ಛಡಿ ಏಟು ತಪ್ಪಿಸಿಕೊಳ್ಳಲು ನನ್ನ ಮುಂದೆ ಹಾಗೆ ಮಾಡುತ್ತಿದ್ದರು.

“ಹಿಡೀ ಲೇ,” ಎಂದ ಬಾಪು. “ಗ್ಲಾಸ ಬಿಸಿ ಆಗಾಕತ್ತೈತಿ.”

“ನಾ ಹಿಡಿಯೂದಿಲ್ಲ.”

“ಯಾಕ?” ಅಣ್ಣಾಸಾಬ ಇನ್ನೂ ನಗುತ್ತಿದ್ದ. ಕಣ್ಣು ಮಾತ್ರ ನಗುತ್ತಿರಲಿಲ್ಲ. ಅವನಿಗೆ ನನ್ನ ಮನಸ್ಸು ಗೊತ್ತಾಗಿತ್ತು. ನಾಲ್ವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರುವ ಮಾತೊಂದು ಮೇಜಿನ ಮೇಲೆ ಕೂತಾಗ ಅದಕ್ಕೆ ಎಷ್ಟು ಭಾರವಿರುತ್ತದೆಂದು ನನಗೆ ಅಂದು ತಿಳಿಯಿತು.

“ಅಣ್ಣಾ, ಮಾಲಿ ಹಾಕ್ಕೊ. ಮನಿಗೆ ಹೋಗೂಣು.”

“ಹಿಡಿ ಅಂದೆ.”

“ಮಿರಜ್ಯಾಗ ಏನ ಹೇಳ್ಯಾರ, ಮರತ್ಯಾ?”

ಅವನು ಬಾಗಿ, ನನಗೆ ಮಾತ್ರ ಕೇಳುವಂತೆ ಎಂದ: “ಮಾಸ್ತರ, ಬಾಯಿ ಬಿಟ್ಟಿ ಅಂದ್ರ ನಂದೂ ನಿಂದೂ ಇಲ್ಲಿಗೆ ಮುಗೀತು. ಹೇಳೀನಿ ನೋಡು.”

ನಾನು ಧೈರ್ಯವಂತನಲ್ಲ. ಹೆಡ್‌ಮಾಸ್ತರರ ಮುಂದೆ ರಜೆ ಕೇಳುವಾಗಲೂ ಕಾಗದದಲ್ಲಿ ಬರೆದು ಕೊಟ್ಟವನು. ಅವನು ಮಾಲೆಯನ್ನು ಎಡಗೈಗೆ ಬದಲಿಸಿಕೊಂಡು, ಹಾಗೇ ದೂರಕ್ಕೆ ಚಾಚಿ ಹಿಡಿದು, ಬಲಗೈಯನ್ನು ಗ್ಲಾಸಿನ ಕಡೆ ತಂದ. ಯಾರೂ ಹಿಡಿಯದಿದ್ದರೆ ತಾನೇ ಮೊಳೆಯಾಗುವವನಿದ್ದ. ಬೆರಳು ಗ್ಲಾಸಿಗೆ ತಾಗಿದವು. ನಾನು ಹೇಳಿಬಿಟ್ಟೆ.

“ಇವನ ಲಿವರ್ ಹೋಗೇತ್ರಿ. ಪಿತ್ತಾ ಅಲ್ಲ. ಇದೊಂದು ಗುಟುಕು ಇಳೀತಂದ್ರ ಸಾಯ್ತಾನ ಅಂದಾರ ಡಾಕ್ಟರು. ನನ್ನ ಮುಂದ ಹೇಳ್ಯಾರ.”

ತರಗತಿಗೆ ಪಾಠ ಹೇಳಿದ ದನಿಯಲ್ಲಿ ಹೇಳಿಬಿಟ್ಟಿದ್ದೆ. ಅದು ನನಗಿರುವ ಒಂದೇ ದನಿ. ನಾಲ್ಕೂ ಮೇಜಿಗೆ ಕೇಳಿಸಿತು. ಟಿವಿಯಲ್ಲಿ ಯಾರೋ ಔಟಾದರು, ಬಾರಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಬಾಪು ಹತ್ತೂ ಬೆರಳು ಎತ್ತಿಕೊಂಡೇ ಕೂತಿದ್ದ. ಕಲ್ಲಪ್ಪ ಕೈ ಚಾಚಿ ಗ್ಲಾಸನ್ನು ಅಣ್ಣಾಸಾಬನ ಬೆರಳುಗಳಿಂದ ಬಿಡಿಸಿ, ಸಿಂಕಿನತ್ತ ಹೋಗಿ ಸುರಿದು ಬಂದ. ಪಟಕಾ ಜಾರಿ ಕಿವಿಯ ಮೇಲೆ ಬಂದದ್ದು ಅವನಿಗೆ ಗೊತ್ತಾಗಲಿಲ್ಲ.

ಪಕ್ಕದ ಮೇಜಿನಿಂದ ಯಾರೋ ಮೆಲ್ಲಗೆ “ಅಯ್ಯೋ ಪಾಪ” ಎಂದರು.

ಅಣ್ಣಾಸಾಬ ಆ ಕಡೆ ನೋಡಲಿಲ್ಲ. ಮಾಲೆಯನ್ನು ಎರಡೂ ಕೈಯಿಂದ ಬಿಡಿಸಿ ಕೊರಳಿಗೆ ಹಾಕಿಕೊಂಡ. ಕಲ್ಲಪ್ಪನ ಹೆಗಲು ತಟ್ಟಿ, “ಪಾರ್ಟಿ ಚಲೋ ಆತು ಕಲ್ಲ್ಯಾ” ಎಂದು ಹೇಳಿ ಹೊರಗೆ ನಡೆದ. ಮರ್ಯಾದೆ ಬಿಟ್ಟುಹೋಗುವಾಗಲೂ ಅವನ ನಡಿಗೆ ಮದುವೆ ಮನೆಯ ನಡಿಗೆಯೇ ಆಗಿತ್ತು.

ನಾನು ಅವನ ಬೆನ್ನ ಹಿಂದೆ ಕೂತು ಬಂದವನು. ಈಗ ಹೇಗೆ ಮನೆ ಸೇರುವುದು? ಇಂಥ ಹೊತ್ತಿನಲ್ಲೂ ಮನುಷ್ಯನಿಗೆ ವಾಹನದ ಚಿಂತೆ ಬರುತ್ತದೆ, ನಾಚಿಕೆಯಿಂದ ಹೇಳುತ್ತೇನೆ. ಹೊರಗೆ ಬಂದರೆ, ಮೋಟರ್ ಸೈಕಲ್ ಚಾಲೂ ಇಟ್ಟು ಅವನು ನಿಂತಿದ್ದ. ನನ್ನ ಕಡೆ ಮುಖವಿರಲಿಲ್ಲ. ಹತ್ತು ಎನ್ನಲಿಲ್ಲ. ನಾನು ಹತ್ತಿದೆ. ಕಾಗವಾಡದ ತನಕ ಎರಡೂ ಬದಿ ಕಬ್ಬು ಕಡಿದ ಬೋಳು ಹೊಲಗಳು, ಸುಟ್ಟ ರವದೆಯ, ಅಂದರೆ ಕಬ್ಬಿನ ಒಣಗರಿಯ, ವಾಸನೆ. ಗುಂಡಿ ಬಂದಾಗ ಅವನ ಹೆಗಲು ಹಿಡಿಯಲೋ ಬೇಡವೋ ಎಂದು ಯೋಚಿಸಿ ಸೀಟಿನ ಹಿಂದಿನ ಕಂಬಿ ಹಿಡಿದೆ. ನನ್ನ ಬಾಗಿಲಿಗೆ ಇಳಿಸಿದ. ಹೋದ. ಆಣೆ ಮುರಿದವನನ್ನೂ ಬಾಗಿಲ ತನಕ ಮುಟ್ಟಿಸಬೇಕೆಂಬುದು ಅವನ ಕಟ್ಟಳೆ.

ಅಂದಿನಿಂದ ಅವನು ನನ್ನ ಜೊತೆ ಮಾತಾಡಲಿಲ್ಲ.

ಹಾಗೆಂದು ಭೇಟಿ ನಿಂತಿತೇ? ಇಲ್ಲ. ಮರುವಾರವೇ ಬಾಪು ಬಂದು, ಇನ್ನು ಮೇಲೆ ಶೆಟ್ಟರ ಬಾರು ಬಂದ್, ಸಂಜೆ ನಾಲ್ಕಕ್ಕೆ ಕಾಗವಾಡದ ಮಾಯಪ್ಪನ ಚಹಾದಂಗಡಿ ಎಂದು ಸಾರಿದ. ತಾನು ಎತ್ತಿದ್ದ ಹತ್ತು ಬೆರಳುಗಳು ಅವನಿಗೆ ನಿದ್ದೆ ಕೊಟ್ಟಿರಲಿಲ್ಲ. ನಾಲ್ವರೂ ಹೋದೆವು. ಅಣ್ಣಾಸಾಬ ಬಂದ, ನನ್ನಿಂದ ಒಂದು ಮೊಳ ದೂರ ಅದೇ ಬಾಕಿನ ಮೇಲೆ ಕೂತ. ಆಮೇಲೆ, “ಬಾಪು, ಮಾಸ್ತರಿಗೆ ಕೇಳು, ಪೆನ್ಶನ್ ಬಂತೇನ ಅಂತ” ಎಂದ. ಬಾಪು ನನ್ನತ್ತ ತಿರುಗಿ, “ಪೆನ್ಶನ್ ಬಂತೇನಂತ?” ಎಂದ. “ಬಂತು ಅಂತ ಹೇಳು,” ಎಂದೆ. “ಬಂತಂತ,” ಎಂದ ಬಾಪು. ಹೀಗೆ ನಾಲ್ಕು ವರ್ಷ. ಮಳೆ, ಮಗಳ ಮದುವೆ, ದ್ರಾಕ್ಷಿಯ ರೋಗ, ನನ್ನ ಕಣ್ಣಿನ ಪೊರೆ ಎಲ್ಲವೂ ಬಾಪುವಿನ ಕೈಯಿಂದಲೇ ಟಿಕೀಟು ಹರಿಸಿಕೊಂಡು ಆಚೀಚೆ ಹೋದವು. ಸುಶೀಲಾ ವಹಿನಿ ಮಾತ್ರ ಪ್ರತಿ ದ್ರಾಕ್ಷಿ ಸುಗ್ಗಿಗೆ ಒಂದು ಬುಟ್ಟಿ ಹಣ್ಣು ಕಳಿಸುತ್ತಾರೆ, ಕಾರಣ ಬರೆಯದೆ.

ಅಣ್ಣಾಸಾಬ ಬದುಕಿದ್ದಾನೆ. ಮೀಸೆ ಬಿಳಿಯಾಗಿದೆ, ಅಷ್ಟೇ. ಇದನ್ನು ಬರೆಯುವಾಗ ನನಗೆ ಸುಖವಾಗಬೇಕು, ಆಗುತ್ತದೆ. ಆದರೆ ಒಬ್ಬನ ಜೀವ ಉಳಿಸಿದೆ ಎಂದು ಎದೆಯುಬ್ಬಿಸಲು ಹೋದರೆ, ಕನ್ನಡಕ ಏರಿಸಿ ತೀರ್ಪು ಕೊಟ್ಟವನು ಯಾರು ಎಂದು ಒಳಗಿನಿಂದ ಯಾರೋ ಕೇಳುತ್ತಾರೆ.

ಇವತ್ತು ಸಂಜೆ, ತಲೆ ಝಾಡಿಸಿಕೊಂಡ ಹಗುರದಲ್ಲಿ, ಚಹಾದಂಗಡಿಗೆ ಹೋದೆ. ಬಾಪು ಇಚಲಕರಂಜಿಗೆ ಮಗಳ ಮನೆಗೆ ಹೋಗಿದ್ದ. ಕಲ್ಲಪ್ಪನಿಗೆ ಮೊಣಕಾಲು ನೋವು. ಬಾಕಿನ ಮೇಲೆ ಅಣ್ಣಾಸಾಬ ಒಬ್ಬನೇ. ನಾಲ್ಕು ವರ್ಷಗಳಲ್ಲಿ ಇಂಥ ಸಂಕಟ ಬಂದಿರಲಿಲ್ಲ. ಮರಳಿ ಹೋಗೋಣವೆಂದರೆ ಅವನು ನೋಡಿಯಾಗಿತ್ತು. ಒಂದು ಮೊಳ ಬಿಟ್ಟು ಕೂತೆ. ಅವನು ರಸ್ತೆ ನೋಡಿದ. ನಾನೂ ರಸ್ತೆ ನೋಡಿದೆ. ರಸ್ತೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಅಂಗಡಿ ತುಂಬಾ ಜನ. ನನ್ನ ಹಳೆಯ ವಿದ್ಯಾರ್ಥಿಗಳೇ ಅರ್ಧ. ಮಾಯಪ್ಪ ನನಗೆಂದು ಎಂದಿನಂತೆ ಗ್ಲಾಸಿಗೆ ಎರಡು ಚಮಚ ಸಕ್ಕರೆ ಸುರಿಯುತ್ತಿದ್ದ.

“ಮಾಯಪ್ಪಾ!” ಅಣ್ಣಾಸಾಬನ ದನಿ ಬಸ್ ಸ್ಟ್ಯಾಂಡಿನ ತನಕ ಹೋಯಿತು. “ಆ ಮಾಸ್ತರಿಗೆ ಸಕ್ಕರಿ ಹಾಕಬ್ಯಾಡ. ಶುಗರ್ ಮುನ್ನೂರು ದಾಟೇತಿ ಅವಂದು. ಮೂರು ತಿಂಗಳಾತು, ಹೇಂತಿಗೂ ಹೇಳಿಲ್ಲ, ಮುಚ್ಚಿಟ್ಟಾನ. ರಕ್ತಾ ತಪಾಸ ಮಾಡಾಂವ ನಮ್ಮ ಜುಗೂಳದಾಂವ ಐದಾನ, ಎಲ್ಲಾ ಗೊತ್ತೈತಿ ನನಗ.”

ಗ್ಲಾಸುಗಳು ಗಾಳಿಯಲ್ಲೇ ನಿಂತವು. ಇಡೀ ಅಂಗಡಿ ನನ್ನ ಕಡೆ ತಿರುಗಿತು. ಕಿವಿ ಬಿಸಿಯಾದವು, ನೋಡಲು ರಸ್ತೆಯೂ ಸಾಕಾಗಲಿಲ್ಲ. ಮೂಲೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬ “ಅಯ್ಯೋ ಪಾಪ, ಸರ್” ಎಂದ. ಇದು ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಅವನು ಸುಮ್ಮನಿದ್ದದ್ದು ಕಡಿಮೆಯೇ ಆಯಿತು.

ಮಾಯಪ್ಪ ಬೇರೆ ಗ್ಲಾಸಿನಲ್ಲಿ ಚಹಾ ತಂದು ನನ್ನ ಕೈಗಿತ್ತ. ಒಂದು ಗುಟುಕೂ ಕುಡಿಯದೆ ಅದನ್ನೇ ನೋಡುತ್ತ ಕೂತೆ. ಪಕ್ಕದಲ್ಲಿ ಅಣ್ಣಾಸಾಬ ಒಮ್ಮೆ ಕೆಮ್ಮಿದ. ಮಾಯಪ್ಪನ ಕಡೆ ನೋಡಿದ, ಅವನು ಒಲೆಯ ಕಡೆ ತಿರುಗಿಯಾಗಿತ್ತು. ಅತ್ತಿತ್ತ ನೋಡಿದ. ಹೇಳಿ ಕಳಿಸಲು ಯಾರೂ ಇರಲಿಲ್ಲ.

“ಕುಡೀ ಲೇ,” ಎಂದ. “ಆರತೈತಿ.”

ಕುಡಿದೆ.